ಫೋಟೋದಲ್ಲಿ ಏನೂ ಕಾಣೋದಿಲ್ಲ, ಆದರೂ ನೋವು ಯಾಕೆ ಹೋಗೋದಿಲ್ಲ?

ಓದುಗರ ಪ್ರಶ್ನೆ: “ನನಗೆ 46 ವರ್ಷ. ಇಳಕಲ್ ಹತ್ತಿರ ನಮ್ಮೂರು. ಮದುವೆಯಾಗಿ ಬಂದಾಗಿನಿಂದ ಮಗ್ಗದಲ್ಲಿ ಕೂತವಳು. ಮೂರು ವರ್ಷದ ಹಿಂದೆ ನೀರಿನ ಕೊಡ ಎತ್ತುವಾಗ ಸೊಂಟ ಹಿಡಿಯಿತು. ಆಗ ಸೂಜಿ ಮಾಡಿಸಿದೆ, ಗುಳಿಗೆ ನುಂಗಿದೆ, ಹದಿನೈದು ದಿನಕ್ಕೆ ಕಡಿಮೆ ಆಯ್ತು. ಆದರೆ ಪೂರ್ತಿ ಹೋಗಲಿಲ್ಲ. ಈಗ ಸೊಂಟ ಅಷ್ಟೇ ಅಲ್ಲ, ಬೆನ್ನು, ತೊಡೆ ಎಲ್ಲಾ ನೋವು. ಅದೇ ಸೂಜಿ, ಅದೇ ಗುಳಿಗೆ ಈಗ ಹತ್ತೋದಿಲ್ಲ. ಎಂ.ಆರ್.ಐ. ಮಾಡಿಸಿದೆವು. ‘ಡಿಸ್ಕ್ ಸ್ವಲ್ಪ ಉಬ್ಬಿದೆ, ಅಂಥಾದ್ದೇನಿಲ್ಲ’ ಅಂದರು. ಮನೆಯಲ್ಲಿ ‘ನಿನಗೇನೂ ಆಗಿಲ್ಲ, ಎಲ್ಲಾ ನಿನ್ನ ತಲಿಯೊಳಗ ಅದ’ ಅಂತಾರೆ. ಏನೂ ಇಲ್ಲ ಅಂದ ಮೇಲೆ ಈ ನೋವು ಎಲ್ಲಿಂದ ಬರ್ತದೆ? ಮಗ್ಗ ಬಿಡಬೇಕಾ?”

ಅಕ್ಕಾರೇ, ನಿಮ್ಮ ನೋವು ನಿಜ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಕಳೆದ ನಲವತ್ತು ವರ್ಷ ವಿಜ್ಞಾನಿಗಳು ಇಲಿಗಳಲ್ಲಿ, ಮನುಷ್ಯರಲ್ಲಿ ನೋವಿನ ಜಾಡು ಹಿಡಿದು ಹೋಗಿ ಕಂಡುಕೊಂಡದ್ದು ಇದನ್ನೇ. ನಿಮ್ಮ ಪತ್ರದಂಥ ಪತ್ರಗಳು ಮತ್ತೆ ಮತ್ತೆ ಬರುತ್ತವೆ. ಕಬ್ಬು ಕಡಿಯುವವರು ಬರೆಯುತ್ತಾರೆ, ದ್ರಾಕ್ಷಿ ತೋಟದಲ್ಲಿ ದುಡಿಯುವವರು ಬರೆಯುತ್ತಾರೆ, ದಿನವಿಡೀ ಬಸ್ಸಿನ ಸ್ಟೇರಿಂಗ್ ಹಿಡಿಯುವವರು ಬರೆಯುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ. ಫೋಟೋದಲ್ಲಿ ಕಾಣದ ನೋವು ಇರೋದಾದರೂ ಎಲ್ಲಿ?

ನಮ್ಮ ಅವ್ವನಿಂದ ಶುರು ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಅವಳ ಎಡಪಕ್ಕೆಗೆ ಸರ್ಪಸುತ್ತು ಆಯಿತು. ಗುಳ್ಳೆ ಎದ್ದವು, ಒಣಗಿದವು, ಹಕ್ಕಳೆ ಉದುರಿತು. ಚರ್ಮ ಮೊದಲಿನಂತಾಯಿತು. ನೋವು ಮಾತ್ರ ಉಳಿಯಿತು. ಗುಳೇದಗುಡ್ಡದ ಖಣದ ಕುಪ್ಪಸ ಬಿಟ್ಟು ಬೇರೆ ತೊಟ್ಟವಳಲ್ಲ ಅವಳು. ಆಗ ಒಂದೊಂದನ್ನೇ ಮಡಚಿ ಟ್ರಂಕಿನಲ್ಲಿಟ್ಟಳು. ಖಣದ ಅಂಚು ಪಕ್ಕೆಗೆ ತಾಗಿದರೆ ಕೆಂಡ ಮುಟ್ಟಿದವಳ ಹಾಗೆ ಬೆಚ್ಚುತ್ತಿದ್ದಳು. ನನ್ನ ಹಳೆಯ ಹತ್ತಿ ಅಂಗಿ ಹಾಕಿಕೊಂಡು, ಅದನ್ನೂ ಎರಡು ಬೆರಳಲ್ಲಿ ಮೈಯಿಂದ ದೂರ ಎತ್ತಿ ಹಿಡಿದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಫ್ಯಾನಿನ ಗಾಳಿ ತಾಗಿದರೂ ನೋವು. ತೋರಿಸಲು ಕರೆದುಕೊಂಡು ಹೋದ ಕಡೆ ‘ಚರ್ಮ ಸ್ವಚ್ಛ ಆಗೇತಲ್ಲ, ಇನ್ನೇನಿಲ್ಲ’ ಅಂದು ಕಳಿಸಿದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವ್ವ ಮಾತಾಡಲಿಲ್ಲ. ಮನೆಗೆ ಬಂದು ನೀರು ಕುಡಿದು ಕೇಳಿದಳು, ‘ನಾ ಸುಳ್ಳ ಹೇಳ್ತೀನಿ ಅನಸ್ತದೇನು ನಿನಗ?’ ನೋವಿನ ಬಗ್ಗೆ ನಾನು ಕೂತು ಓದಲು ಶುರು ಮಾಡಿದ್ದು ಆ ರಾತ್ರಿಯಿಂದ.

ನೋವು ಎರಡು ಕಡೆ ಹೆಚ್ಚಾಗಬಹುದು. ಒಂದು, ಗಾಯವಾದ ಜಾಗದಲ್ಲೇ. ಇದು ನಿಮಗೆ ದಿನಾ ಗೊತ್ತಿರುವ ವಿಷಯ. ರೊಟ್ಟಿ ಜೊತೆ ರಂಜಕ ಜಾಸ್ತಿ ತಿಂದು, ಮೇಲೆ ಉಗುರುಬೆಚ್ಚಗಿನ ಚಹಾ ಕುಡಿದು ನೋಡಿ. ಬಾಯಿ ಸುಡುತ್ತದೆ. ಚಹಾ ಬಿಸಿ ಇಲ್ಲ, ಆದರೂ ಸುಡುತ್ತದೆ. ಯಾಕೆ? ನಮ್ಮ ನರದ ತುದಿಯಲ್ಲಿ ಸುಡುವ ಬಿಸಿಯನ್ನು ಗುರುತಿಸುವ ಒಂದು ಸಣ್ಣ ಬಾಗಿಲಿದೆ. ಸಾಮಾನ್ಯವಾಗಿ ಅದು ತೆರೆಯುವುದು ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ. ಮೆಣಸಿನಕಾಯಿಯ ಖಾರ ಹತ್ತಿದರೆ ಇನ್ನೂ ಕಡಿಮೆ ಬಿಸಿಗೇ ತೆರೆದುಬಿಡುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ಇದನ್ನು 1997ರಲ್ಲಿ ಪತ್ತೆ ಮಾಡಿತು. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇದಕ್ಕೇ. ಖಾರ ತಿಂದು ‘ಹಾ ಹಾ’ ಅನ್ನುವುದರ ಹಿಂದೆ ಇಷ್ಟು ದೊಡ್ಡ ವಿಷಯ ಇತ್ತು ನೋಡಿ.

ಗಾಯವಾದಾಗಲೂ ಹೆಚ್ಚುಕಡಿಮೆ ಹೀಗೇ ಆಗುತ್ತದೆ. ಸ್ನಾಯು ಹರಿದ ಜಾಗದಲ್ಲಿ, ಬಾತ ಜಾಗದಲ್ಲಿ ಪ್ರೋಸ್ಟಾಗ್ಲಾಂಡಿನ್ ಮುಂತಾದ ರಾಸಾಯನಿಕಗಳು ಸೇರಿಕೊಂಡು ನರದ ತುದಿಯನ್ನು ಮುಟ್ಟಿದರೆ ಮುನಿಯುವಂತೆ ಮಾಡುತ್ತವೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಗುಳಿಗೆ-ಸೂಜಿಗಳು ಆ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಈ ಗುಟ್ಟನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಆಸ್ಪಿರಿನ್‌ನಲ್ಲಿ ಕಂಡುಕೊಂಡರು. ಕೊಡ ಎತ್ತಿದಾಗ ಹಿಡಿದ ಸೊಂಟಕ್ಕೆ ಮೊದಲ ಹದಿನೈದು ದಿನ ಸೂಜಿ ಹತ್ತಿತು ಅಂದಿರಲ್ಲ, ಆಗ ನಿಮ್ಮ ನೋವು ಹೆಚ್ಚಾಗಿ ಆ ಗಾಯದ ಜಾಗದಲ್ಲೇ ಇತ್ತು ಎಂದು ಇದರಿಂದ ಊಹಿಸಬಹುದು. ಈಗ ಅದೇ ಸೂಜಿ ಹತ್ತುವುದಿಲ್ಲ ಅಂದರೆ, ನೋವನ್ನು ಹೆಚ್ಚಿಸುತ್ತಿರುವ ಜಾಗ ಬೇರೆ ಇರಬೇಕು.

ಆ ಎರಡನೇ ಜಾಗ ಬೆನ್ನುಹುರಿ ಮತ್ತು ಮೆದುಳು. ಇಲ್ಲಿ ಸ್ವಲ್ಪ ನಿಲ್ಲೋಣ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ.

ಸೊಂಟದಿಂದ ಹೊರಟ ನರ ಸೀದಾ ಮೆದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಅದು ಮುಗಿದು, ಅಲ್ಲಿ ಇನ್ನೊಂದು ನರಕ್ಕೆ ಸುದ್ದಿ ದಾಟಿಸುತ್ತದೆ. ನೀವು ಇಳಕಲ್ ಸೀರೆ ನೇಯುವವರು, ನಿಮಗೆ ಬೇರೆ ಉದಾಹರಣೆ ಬೇಕಿಲ್ಲ. ಒಡಲಿನ ಹಾಸು ಮುಗಿದಲ್ಲಿ ಸೆರಗಿನ ಹಾಸಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕುತ್ತೀರಲ್ಲ, ಹಾಗೆಯೇ ನರಕ್ಕೆ ನರದ ಕೊಂಡಿ. ಮೊದಲು ಎಲ್ಲರೂ ತಿಳಿದಿದ್ದು ಏನೆಂದರೆ ಈ ಕೊಂಡಿ ಬರೀ ದಾಟಿಸುವ ಜಾಗ, ಬಂದದ್ದನ್ನು ಬಂದಷ್ಟೇ ಮುಂದಕ್ಕೆ ಕಳಿಸುತ್ತದೆ ಎಂದು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬಿಬ್ಬರು ಹಾಗಲ್ಲ ಅಂದರು. ಅಲ್ಲೊಂದು ಗೇಟ್ ಇದೆ, ಸುದ್ದಿ ಎಷ್ಟು ದಾಟಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ ಅಂದರು. ಮೊಣಕೈ ಕಂಬಕ್ಕೆ ಬಡಿದರೆ ನಾವು ತಕ್ಷಣ ಉಜ್ಜಿಕೊಳ್ಳುತ್ತೇವೆ. ಯಾರೂ ಹೇಳಿಕೊಟ್ಟದ್ದಲ್ಲ. ಉಜ್ಜಿದ ಸ್ಪರ್ಶದ ಸುದ್ದಿ ಆ ಗೇಟನ್ನು ಸ್ವಲ್ಪ ಮುಚ್ಚುತ್ತದೆ, ನೋವು ಕಡಿಮೆ ದಾಟುತ್ತದೆ. ಅವರು ಕೊಟ್ಟ ವಿವರಗಳಲ್ಲಿ ಕೆಲವು ಮುಂದೆ ಬದಲಾದವು, ಮೂಲ ಮಾತು ನಿಂತಿತು.

ಹಾಗಾದರೆ ಆ ಗೇಟು ತೆರೆದೇ ಉಳಿದರೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಕ್ಲಿಫರ್ಡ್ ವೂಲ್ಫ್. ದಕ್ಷಿಣ ಆಫ್ರಿಕಾದಲ್ಲಿ ವೈದ್ಯಕೀಯ ಓದಿ, ಲಂಡನ್ನಿಗೆ ಹೋಗಿ ಅದೇ ಪ್ಯಾಟ್ರಿಕ್ ವಾಲ್ ಅವರ ಬಳಿ ಕೆಲಸ ಮಾಡಿದವರು. ಇಲಿಯ ಪಾದ ಚಿವುಟಿದರೆ ಅದು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತಕ್ಕಾಗಿ ಬೆನ್ನುಹುರಿಯಿಂದ ಹೊರಡುವ ನರದ ಸುದ್ದಿಯನ್ನು ಅವರು ದಾಖಲಿಸುತ್ತಿದ್ದರು. ಪಾದಕ್ಕೆ ಗಾಯ ಮಾಡಿದ ಮೇಲೆ ಲೆಕ್ಕವೇ ಬದಲಾಯಿತು. ಮೊದಲು ಏನೂ ಮಾಡದಿದ್ದ ಹಗುರ ಮುಟ್ಟುವಿಕೆಗೂ ಈಗ ಸುದ್ದಿ ಜೋರಾಗಿ ಹೊರಡತೊಡಗಿತು. ಗಾಯವಾಗದ ಜಾಗ ಮುಟ್ಟಿದರೂ ಹೊರಡತೊಡಗಿತು. ನರದ ತುದಿ ಮುನಿದದ್ದರಿಂದ ಹೀಗಾಯಿತು ಎಂದು ಯಾರಾದರೂ ಅನ್ನಬಹುದಿತ್ತು. ಅದಕ್ಕೆ ವೂಲ್ಫ್ ಗಾಯದ ಜಾಗಕ್ಕೆ ಅರಿವಳಿಕೆ ಕೊಟ್ಟು ನೋಡಿದರು. ಆ ಜಾಗದಿಂದ ಸುದ್ದಿ ಬರುವುದು ನಿಂತರೂ ಬೆನ್ನುಹುರಿ ಮೊದಲಿನ ಸ್ಥಿತಿಗೆ ಬರಲಿಲ್ಲ. ಅಂದರೆ ಬದಲಾವಣೆ ಬೆನ್ನುಹುರಿಯಲ್ಲೇ ಆಗಿತ್ತು. 1983ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಬಂತು. ಇದನ್ನು ಈಗ ಸೆಂಟ್ರಲ್ ಸೆನ್ಸಿಟೈಸೇಶನ್ ಅನ್ನುತ್ತಾರೆ. ಕೊಂಡಿಯೇ ಅತಿ ಸೂಕ್ಷ್ಮ ಆಗುವುದು ಎಂದು ನಾವು ತಿಳಿದುಕೊಂಡರೆ ಸಾಕು.

ನಮ್ಮ ಅವ್ವನ ಖಣದ ಕುಪ್ಪಸ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. ಬಟ್ಟೆ ತಾಗಿದ ಸುದ್ದಿ ಸ್ಪರ್ಶದ ನರದಿಂದ ಸ್ಪರ್ಶವಾಗಿಯೇ ಹೊರಟಿತ್ತು. ಕೊಂಡಿ ದಾಟುವಾಗ ನೋವಾಯಿತು. ನಿಮ್ಮ ಸೊಂಟದ ನೋವು ಬೆನ್ನಿಗೆ, ತೊಡೆಗೆ ಹಬ್ಬಿದ್ದೂ ಇದೇ ಬಗೆಯದ್ದಿರಬಹುದು. ಹೊಸ ಹೊಸ ಕಡೆ ಏನೋ ಕೆಡುತ್ತಾ ಹೋಗುತ್ತಿದೆ ಎಂದು ಹೆದರಬೇಡಿ.

ಕೊಂಡಿ ಹೀಗೆ ಬದಲಾಗುವುದು ಯಾವ ದಾರಿಯಲ್ಲಿ? ನಾವು ಏನನ್ನಾದರೂ ಕಲಿಯುವಾಗ ಮೆದುಳಿನಲ್ಲಿ ಯಾವ ದಾರಿಯೋ ಬಹುಪಾಲು ಅದೇ ದಾರಿಯಲ್ಲಿ. ಸುದ್ದಿ ಮತ್ತೆ ಮತ್ತೆ ಬಂದರೆ ನರ ನರದ ನಡುವಿನ ಜೋಡಣೆ ಬಲವಾಗುತ್ತದೆ. ನಿಮ್ಮ ಕೈ ಲಾಳಿ ಎಸೆಯಲು ಕಲಿತದ್ದು ಹಾಗೆ. ಬೆನ್ನುಹುರಿ ನೋವನ್ನು ಕಲಿತದ್ದೂ ಹಾಗೆ. ಇದರ ಜೊತೆ ಇನ್ನೂ ಒಂದಿದೆ. ಬೆನ್ನುಹುರಿಯಲ್ಲಿ ನರಕೋಶಗಳಷ್ಟೇ ಅಲ್ಲ, ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳೂ ಇವೆ. ನರಕ್ಕೆ ಪೆಟ್ಟಾದಾಗ ಇವು ಎದ್ದು ನಿಂತು ನರಕೋಶಗಳನ್ನು ಇನ್ನಷ್ಟು ಕೆರಳಿಸುತ್ತವೆ ಎಂದು 2003ರಲ್ಲಿ ಜಪಾನ್ ಮತ್ತು ಕೆನಡಾದ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಆದರೆ ಹೆಚ್ಚಿನ ಪ್ರಯೋಗಗಳು ನಡೆದಿದ್ದೇ ಗಂಡು ಪ್ರಾಣಿಗಳ ಮೇಲೆ. 2015ರಲ್ಲಿ ಕೆನಡಾದ ಜೆಫ್ರಿ ಮೋಗಿಲ್ ಮತ್ತು ಜೊತೆಯವರು ಗಂಡು-ಹೆಣ್ಣು ಎರಡನ್ನೂ ಇಟ್ಟು ನೋಡಿದಾಗ, ಹೆಣ್ಣು ಇಲಿಗಳಲ್ಲಿ ಆ ಕೆಲಸವನ್ನು ಬೇರೆ ಕೋಶಗಳು ಮಾಡುತ್ತಿರುವಂತೆ ಕಂಡಿತು. ತೀರದ ನೋವು ಹೆಂಗಸರಲ್ಲೇ ಜಾಸ್ತಿ. ಅಷ್ಟು ವರ್ಷ ಹೆಣ್ಣು ಪ್ರಾಣಿಗಳನ್ನು ನೋಡದೇ ಬಿಟ್ಟದ್ದು ನನಗೆ ಇವತ್ತಿಗೂ ಸಂಕಟ ತರುವ ಸಂಗತಿ.

ಇನ್ನು ನಿಮ್ಮ ಎಂ.ಆರ್.ಐ. ಅದು ಎಲುಬು, ಡಿಸ್ಕ್, ಸ್ನಾಯು, ದಪ್ಪ ನರಗಳನ್ನು ಚೆನ್ನಾಗಿ ತೋರಿಸುತ್ತದೆ. ಬೆನ್ನುಹುರಿಯೊಳಗಿನ ಕೊಂಡಿ ಬಿಗಿಯಾಗಿದೆಯೋ ಸಡಿಲಾಗಿದೆಯೋ ತೋರಿಸುವುದಿಲ್ಲ. ‘ಏನೂ ಇಲ್ಲ’ ಎಂದರೆ ಆ ಯಂತ್ರಕ್ಕೆ ಕಾಣುವಂಥದ್ದು ಏನೂ ಇಲ್ಲ ಎಂದಷ್ಟೇ ಅರ್ಥ. ಮತ್ತೆ ‘ಡಿಸ್ಕ್ ಸ್ವಲ್ಪ ಉಬ್ಬಿದೆ’ ಎಂಬ ಮಾತು ನಿಮ್ಮನ್ನು ಕಾಡುತ್ತಿರಬಹುದು. ಸೊಂಟ ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 40ರ ವಯಸ್ಸಿನಲ್ಲಿ ಅರ್ಧದಷ್ಟು ಜನರಿಗೆ ಡಿಸ್ಕ್ ಉಬ್ಬಿತ್ತು. 50ರಲ್ಲಿ ನೂರಕ್ಕೆ 60 ಜನರಿಗೆ, 80ರಲ್ಲಿ 84 ಜನರಿಗೆ. ಇವರಲ್ಲಿ ಯಾರಿಗೂ ನೋವಿರಲಿಲ್ಲ. ತಲೆಗೂದಲು ಬೆಳ್ಳಗಾದಂತೆ ಡಿಸ್ಕ್ ಕೂಡ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ರಿಪೋರ್ಟಿನ ಆ ಸಾಲು ಓದಿ ಬಗ್ಗಲು ಹೆದರುವವರನ್ನು, ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಬೇಸರವಾಗುತ್ತದೆ.

ಇದಕ್ಕೆ ಉಲ್ಟಾ ಕೂಡ ಇದೆ. ಹೊಲದಲ್ಲಿ ಕುಡುಗೋಲು ತಾಗಿ ರಕ್ತ ಸುರಿದದ್ದು ಮನೆಗೆ ಬಂದು ಕೈ ತೊಳೆಯುವಾಗ ಗೊತ್ತಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ನೋಡಿಕೊಂಡ ಹೆನ್ರಿ ಬೀಚರ್ ಎಂಬ ವೈದ್ಯರು 1946ರಲ್ಲಿ ಇದನ್ನೇ ಬರೆದರು. ದೊಡ್ಡ ದೊಡ್ಡ ಗಾಯಗಳಿದ್ದರೂ ಸುಮಾರು ಮುಕ್ಕಾಲು ಪಾಲು ಸೈನಿಕರು ನೋವಿನ ಔಷಧಿ ಬೇಡವೆಂದಿದ್ದರು. ಗಾಯ ಮತ್ತು ನೋವು ಯಾವಾಗಲೂ ಜೋಡಿಯಾಗಿ ನಡೆಯುವುದಿಲ್ಲ.

‘ಎಲ್ಲಾ ನಿನ್ನ ತಲಿಯೊಳಗ ಅದ’ ಅಂತಾರೆ ಅಂದಿರಿ. ಎಲ್ಲರ ಎಲ್ಲಾ ನೋವೂ ಕೊನೆಗೆ ಮೆದುಳಿನಲ್ಲೇ ಗೊತ್ತಾಗುವುದು. ಹಾಗೆ ಹೇಳುವವರ ಹಲ್ಲುನೋವೂ ಅಷ್ಟೇ. ಅದು ಕಲ್ಪನೆ ಎಂದಾಗುವುದಿಲ್ಲ. 2012ರಲ್ಲಿ ಶಿಕಾಗೋದ ಸಂಶೋಧಕರು ಸೊಂಟ ನೋವು ಶುರುವಾಗಿ ಕೆಲವೇ ವಾರ ಆದವರ ಮೆದುಳನ್ನು ಸ್ಕ್ಯಾನ್ ಮಾಡಿ, ಒಂದು ವರ್ಷ ಅವರ ಬೆನ್ನು ಹತ್ತಿದರು. ಯಾರ ನೋವು ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದರ ಸುಳಿವು ಮೊದಲ ಸ್ಕ್ಯಾನಿನಲ್ಲೇ ಸಿಕ್ಕಿತು. ಬೇಕು-ಬೇಡ, ಒಳ್ಳೆಯದು-ಕೆಟ್ಟದ್ದು ಎಂದು ತೂಗಿ ನೋಡುವ ಮೆದುಳಿನ ಎರಡು ಭಾಗಗಳು ಎಷ್ಟು ಬಿಗಿಯಾಗಿ ಜೋಡಿಯಾಗಿವೆ ಎಂಬುದು ಆ ಸುಳಿವು. ಇದು ಅವರ ತಪ್ಪೂ ಅಲ್ಲ, ನಾಟಕವೂ ಅಲ್ಲ. ನೋವಿನ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ಒಬ್ಬರು ನೋವಿದೆ ಅಂದರೆ ಆ ಮಾತನ್ನು ಗೌರವಿಸಬೇಕು ಎಂದು ಅದರಲ್ಲೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರಿಂದ ಜಾರಿಗೆ ಬಂದಿದೆ. ಮೂರು ತಿಂಗಳಿಗಿಂತ ಹೆಚ್ಚು ಉಳಿದ ನೋವಿಗೆ ಅದರಲ್ಲಿ ತನ್ನದೇ ಜಾಗ ಇದೆ. ಬೇರೆ ಯಾವ ರೋಗದ ಲಕ್ಷಣ ಎಂದು ಹೇಳಲಾಗದಿದ್ದರೂ ನೋವೇ ಒಂದು ಕಾಯಿಲೆ ಎಂದು ಒಪ್ಪಿಕೊಂಡಿದೆ. ಮನೆಯವರಿಗೆ ಇದಿಷ್ಟು ಓದಿ ಹೇಳಿ.

ನಮ್ಮ ಕಡೆ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಒದೆಸಿಕೊಳ್ಳುತ್ತಾರೆ. ನೀವೂ ಹೋಗಿರಬಹುದು. ಕೆಲವರಿಗೆ ಆರಾಮ ಅನಿಸುವುದೂ ನಿಜ. ಉಳುಕು ಬಹಳಷ್ಟು ಸಲ ಕೆಲವು ವಾರದಲ್ಲಿ ತಾನಾಗಿಯೇ ಹೋಗುತ್ತದೆ, ಇದು ಒಂದು ಕಾರಣ. ಇನ್ನೊಂದು, ನಂಬಿಕೆಗೆ ಮೈಯೊಳಗೆ ಕೆಲಸ ಇದೆ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರಿಗೆ ಔಷಧಿ ಎಂದು ಹೇಳಿ ಹುಸಿ ಮದ್ದು ಕೊಟ್ಟರು. ಕೆಲವರ ನೋವು ಇಳಿಯಿತು. ಆಮೇಲೆ ಅಫೀಮಿನ ಪರಿಣಾಮ ತಡೆಯುವ ನಲೋಕ್ಸೋನ್ ಕೊಟ್ಟಾಗ ಆ ಆರಾಮ ಹೋಯಿತು. ಅಂದರೆ ನಂಬಿಕೆ ಹುಟ್ಟಿದಾಗ ಮೆದುಳು ತನ್ನದೇ ಅಫೀಮಿನಂಥ ರಾಸಾಯನಿಕವನ್ನು ಬಿಡುತ್ತದೆ. ಮೆದುಳಿನಿಂದ ಕೆಳಗೆ ಬೆನ್ನುಹುರಿಗೆ ಇಳಿದು ಆ ಕೊಂಡಿಯನ್ನು ತಣ್ಣಗೆ ಮಾಡುವ ದಾರಿಗಳೂ ನಮ್ಮೆಲ್ಲರಲ್ಲಿ ಇವೆ. ಆದರೆ ಬರೆ ಹಾಕಿಸಿಕೊಳ್ಳಬೇಡಿ. ಬರೆಯಿಂದ ಸ್ವಲ್ಪ ಹೊತ್ತು ನೋವು ಇಳಿಯುವುದು ಸುಳ್ಳಲ್ಲ. ಒಂದು ಕಡೆ ಜೋರು ನೋವಾದರೆ ಬೇರೆ ಕಡೆಯ ನೋವು ಅಡಗುತ್ತದೆ. ಪ್ಯಾರಿಸ್‌ನ ಡೇನಿಯಲ್ ಲ ಬಾರ್ 1979ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದ್ದರು. ಅದು ಕರಗುವುದೂ ಅಷ್ಟೇ ಬೇಗ, ಉಳಿಯುವುದು ಸುಟ್ಟ ಗಾಯ. ಸಕ್ಕರೆ ಕಾಯಿಲೆ ಇದ್ದವರಿಗಂತೂ ಅದು ಮಾಯುವುದೇ ಕಷ್ಟ. ಒದೆಸಿಕೊಳ್ಳುವುದನ್ನೂ ಎಲುಬು ಸವೆದ ವಯಸ್ಸಿನಲ್ಲಿ ಬಿಡುವುದೇ ಒಳ್ಳೆಯದು.

ಗುಳಿಗೆಯ ವಿಷಯ. ಮೂರು ವರ್ಷದಿಂದ ನೀವು ಮೆಡಿಕಲ್ ಶಾಪಿನಿಂದ ನೋವಿನ ಗುಳಿಗೆ ತಂದು ನುಂಗುತ್ತಿದ್ದರೆ, ದಯವಿಟ್ಟು ಡಾಕ್ಟರಿಗೆ ಹೇಳಿ. ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟಾಗಬಹುದು. ಕೊಂಡಿಯ ನೋವಿಗೆ ಅವು ನಾಟುವುದೂ ಕಡಿಮೆ. ಆ ನೋವಿಗೆ ವೈದ್ಯರು ಕೆಲವೊಮ್ಮೆ ಅಮಿಟ್ರಿಪ್ಟಿಲಿನ್ ಅಥವಾ ಡುಲೋಕ್ಸೆಟಿನ್ ಬರೆಯುತ್ತಾರೆ. ಗುಳಿಗೆಯ ಚೀಟಿ ಓದಿದವರು ‘ಇದು ಮನೋರೋಗದ ಗುಳಿಗೆ, ನನಗ್ಯಾಕೆ’ ಎಂದು ಎತ್ತಿಡುತ್ತಾರೆ. ಖಿನ್ನತೆಗೂ ಅದನ್ನು ಕೊಡುತ್ತಾರೆ, ನಿಜ. ಆದರೆ ಮೆದುಳಿನಿಂದ ಕೆಳಗಿಳಿಯುವ ಆ ತಣ್ಣಗೆ ಮಾಡುವ ದಾರಿಗಳು ಕೆಲಸ ಮಾಡುವುದು ನಾರ್‌ಅಡ್ರಿನಲಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳಿಂದ. ಈ ಗುಳಿಗೆಗಳು ಅವನ್ನು ಹೆಚ್ಚಿಸುತ್ತವೆ. ನೋವಿಗೆ ಅಮಿಟ್ರಿಪ್ಟಿಲಿನ್ ಕೊಡುವುದು ಸಾಮಾನ್ಯವಾಗಿ ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ. ಎಲ್ಲರಿಗೂ ಹತ್ತುವುದಿಲ್ಲ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ನಮ್ಮ ಅವ್ವನಿಗೆ ಎರಡನೇ ಸಲ ತೋರಿಸಿದ ಡಾಕ್ಟರು ಇದನ್ನೇ ಕೊಟ್ಟರು. ಗುಳಿಗೆಗಿಂತ ಮೊದಲು ಕುರ್ಚಿ ಹತ್ತಿರ ಎಳೆದುಕೊಂಡು, ‘ಎಲ್ಲಿ ನೋವು, ಬಟ್ಟೆ ತಾಗಿದರೆ ಆಗುತ್ತದಾ’ ಎಂದು ಕೇಳಿದರು. ಅವ್ವ ಅಲ್ಲೇ ಅತ್ತಳು. ನೋವು ಪೂರ್ತಿ ಹೋಗಲಿಲ್ಲ. ಏಳೆಂಟು ತಿಂಗಳಲ್ಲಿ ಕುಪ್ಪಸ ತೊಡುವಷ್ಟು ಇಳಿಯಿತು.

ಸರ್ಪಸುತ್ತಿನ ನಂತರದ ನೋವಿಗೆ ಮೆಣಸಿನ ಖಾರದಿಂದಲೇ ಮಾಡಿದ ಪಟ್ಟಿಯೂ ಇದೆ. ಜೋರಾದ ಖಾರ ನರದ ತುದಿಯನ್ನು ದಣಿಸಿ ಸುಮ್ಮನಾಗಿಸುತ್ತದೆ. ಅದನ್ನು ಹಚ್ಚುವುದು ಆಸ್ಪತ್ರೆಯಲ್ಲಿ, ಅಳತೆಯಲ್ಲಿ. ಇದನ್ನು ಓದಿ ಯಾರೂ ಮನೆಯಲ್ಲಿ ಖಾರ ಅರೆದು ಹಚ್ಚಬೇಡಿ.

ಹೊಸ ಔಷಧಿ ಬಂದಿದೆಯಂತೆ ಹೌದಾ ಎಂದು ಕೇಳುವವರೂ ಇದ್ದಾರೆ. ಅದರ ಹಿಂದೆ ಒಂದು ಕಥೆ ಇದೆ. ಪಾಕಿಸ್ತಾನದಲ್ಲಿ ಒಬ್ಬ ಹುಡುಗ ಬೀದಿಯಲ್ಲಿ ಕೈಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ಆಟ ತೋರಿಸುತ್ತಿದ್ದ. ಅವನಿಗೆ ನೋವು ಅನ್ನುವುದೇ ಗೊತ್ತಿರಲಿಲ್ಲ. 14 ತುಂಬುವ ಮೊದಲೇ ಮಾಳಿಗೆಯಿಂದ ಹಾರಿ ತೀರಿಕೊಂಡ. ಆ ಭಾಗದ ಕುಟುಂಬಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2006ರಲ್ಲಿ ಕಾರಣ ಕಂಡುಹಿಡಿದರು. ನೋವಿನ ನರಗಳಲ್ಲಿ ಸೋಡಿಯಂ ಒಳಬಿಡುವ ಒಂದು ಬಾಗಿಲು ಅವರಲ್ಲಿ ಕೆಲಸವನ್ನೇ ಮಾಡುತ್ತಿರಲಿಲ್ಲ. ಅಲ್ಲಿಂದ ಅಂಥ ಬಾಗಿಲುಗಳನ್ನು ಔಷಧಿಯಿಂದ ಮುಚ್ಚುವ ಪ್ರಯತ್ನ ಜೋರಾಯಿತು. ಅದೇ ಜಾತಿಯ ಇನ್ನೊಂದು ಬಾಗಿಲನ್ನು ಮುಚ್ಚುವ ಸುಜೆಟ್ರಿಜಿನ್ ಎಂಬ ಗುಳಿಗೆಗೆ 2025ರ ಜನವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಫೀಮಿನ ವರ್ಗದ್ದಲ್ಲ, ಚಟ ಹತ್ತಿಸದು ಎಂಬ ಭರವಸೆ ಅದರ ಮೇಲಿದೆ. ಆದರೆ ಒಪ್ಪಿಗೆ ಸಿಕ್ಕಿದ್ದು ಆಪರೇಷನ್ ನಂತರದಂಥ ತಾಜಾ ನೋವಿಗೆ. ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕಾ ನೋವಿನಲ್ಲಿ ಪರೀಕ್ಷಿಸಿದಾಗ ಹುಸಿ ಗುಳಿಗೆಗಿಂತ ಅದು ಮುಂದೆ ಬರಲಿಲ್ಲ. ಕೊಂಡಿಯಲ್ಲಿ ಕೂತ ನೋವನ್ನು ನರದ ತುದಿಯಿಂದಷ್ಟೇ ಹಿಡಿಯುವುದು ಕಷ್ಟ. ಅದಕ್ಕಾಗಿ ಕಾಯುತ್ತಾ ಕೂರಬೇಡಿ.

ಕಲಿತ ನೋವನ್ನು ಮರೆಸಲು ಆಗುತ್ತದಾ? ಸ್ವಲ್ಪ ಮಟ್ಟಿಗೆ ಆಗುತ್ತದೆ. ಅಮೆರಿಕದ ಕೊಲೊರಾಡೊದಲ್ಲಿ ಬಹುಕಾಲದ ಸೊಂಟ ನೋವಿದ್ದ 151 ಜನರ ಮೇಲೆ ಒಂದು ಪ್ರಯೋಗ ನಡೆಯಿತು, 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಾಲ್ಕು ವಾರ ತಜ್ಞರು ಕೂತು, ಈ ನೋವು ಅಪಾಯದ ಗುರುತಲ್ಲ, ಮೆದುಳಿನ ಸುಳ್ಳು ಎಚ್ಚರಿಕೆ ಎಂದು ತಿಳಿಸಿದರು. ಹೆದರಿ ಬಿಟ್ಟ ಚಲನೆಗಳನ್ನು ಒಂದೊಂದಾಗಿ ಮಾಡಿಸಿದರು. ಕೊನೆಯಲ್ಲಿ ನೂರಕ್ಕೆ 66 ಜನರಿಗೆ ನೋವು ಇಲ್ಲ ಅಥವಾ ಇಲ್ಲವೆನ್ನುವಷ್ಟು ಕಡಿಮೆ. ಬೆನ್ನಿಗೆ ಹುಸಿ ಸೂಜಿ ಪಡೆದ ಗುಂಪಿನಲ್ಲಿ 20, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ 10. ಸಣ್ಣ ಪ್ರಯೋಗ ಇದು, ನೋವು ತೀರಾ ಜೋರಿದ್ದವರೂ ಅಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಹೆದರಿಕೆ ಇಳಿದಾಗ ನೋವು ಇಳಿಯಬಹುದು ಎಂಬುದನ್ನಂತೂ ಅದು ಚೆನ್ನಾಗಿ ತೋರಿಸಿತು.

ನಡಿಗೆಯ ಬಗ್ಗೆಯೂ ಈಗ ಗಟ್ಟಿ ಲೆಕ್ಕ ಇದೆ. 2024ರಲ್ಲಿ ಆಸ್ಟ್ರೇಲಿಯಾದಲ್ಲಿ, ಸೊಂಟ ನೋವು ಬಂದು ಹೋಗಿದ್ದ 701 ಜನರನ್ನು ನೋಡಿದರು. ಫಿಸಿಯೋಥೆರಪಿಸ್ಟ್ ಸಹಾಯದಿಂದ ಮೆಲ್ಲಗೆ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ನಡುಮಟ್ಟದ ಲೆಕ್ಕದಲ್ಲಿ 208 ದಿನ ಹಿಡಿಯಿತು. ಉಳಿದವರಿಗೆ 112 ದಿನ. ನಡೆಯಲು ದುಡ್ಡು ಬೇಕಿಲ್ಲ, ಅಲ್ವಾ?

ನಿದ್ದೆಯನ್ನೂ ಬಿಡಬೇಡಿ. ವೂಲ್ಫ್ ಈಗ ಬೋಸ್ಟನ್‌ನಲ್ಲಿದ್ದಾರೆ. ಅವರ ತಂಡ 2017ರಲ್ಲಿ ಸಣ್ಣ ಇಲಿಗಳನ್ನು ಹೆದರಿಸದೆ, ಹೊಸ ಹೊಸ ಆಟಿಕೆ ಕೊಟ್ಟು ದಿನಕ್ಕೆ ಕೆಲವು ಗಂಟೆ ಜಾಸ್ತಿ ಎಚ್ಚರವಿರಿಸಿತು. ಐದು ದಿನದಲ್ಲಿ ಅವಕ್ಕೆ ನೋವು ಬೇಗ ತಟ್ಟತೊಡಗಿತು. ಐಬುಪ್ರೊಫೆನ್ ಆಗಲಿ ಮಾರ್ಫಿನ್ ಆಗಲಿ ಅದನ್ನು ಸರಿ ಮಾಡಲಿಲ್ಲ. ಹಬ್ಬದ ಆರ್ಡರ್ ಬಂದಾಗ ರಾತ್ರಿ ಹನ್ನೆರಡರ ತನಕ ನೇಯ್ದು, ಬೆಳಿಗ್ಗೆ ಐದಕ್ಕೆ ನೀರು ಬಂತೆಂದು ಏಳುವ ನಿಮ್ಮ ದಿನಚರಿ ನನಗೆ ಗೊತ್ತು. ನೀರು ಹಿಡಿಯುವ ಕೆಲಸವನ್ನು ಮನೆಯಲ್ಲಿ ಬೇರೆಯವರು ವಹಿಸಿಕೊಳ್ಳಲಿ. ಇದು ಔಷಧಿಯಷ್ಟೇ ಮುಖ್ಯ.

ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ಮೂತ್ರ ಅಥವಾ ಮಲ ತಡೆಯಲಾಗದಿದ್ದರೆ, ಮೂತ್ರವೇ ಬಾರದಿದ್ದರೆ, ತೊಡೆಸಂದು ಜೋಮು ಹಿಡಿದು ಮುಟ್ಟಿದ್ದು ಗೊತ್ತಾಗದಿದ್ದರೆ, ಪಾದದಲ್ಲಿ ಬಲ ಹೋಗಿ ಚಪ್ಪಲಿ ಜಾರುತ್ತಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ತಡ ಮಾಡದೆ ತೋರಿಸಿ. ನಮ್ಮ ದೇಶದಲ್ಲಿ ಬೆನ್ನುಮೂಳೆಗೆ ಕ್ಷಯ ಬರುವುದು ಅಪರೂಪವೇನಲ್ಲ, ಔಷಧಿಯಿಂದ ಗುಣವಾಗುವ ರೋಗ ಅದು. ಹಿಂದೆ ಕ್ಯಾನ್ಸರ್ ಆಗಿದ್ದರೆ ಅದನ್ನು ಹೇಳಲು ಮರೆಯಬೇಡಿ.

ಇವ್ಯಾವೂ ಇಲ್ಲದಿದ್ದರೆ, ಅಕ್ಕಾರೇ, ಮಗ್ಗ ಬಿಡಬೇಡಿ. ಮೊದಲು ಮೂರು ದಿನ ಸುಮ್ನೆ ಗಮನಿಸಿ. ಕುಣಿಯಲ್ಲಿ ಕಾಲಿಟ್ಟು ಕೂತ ಮೇಲೆ ಎಷ್ಟು ಹೊತ್ತಿಗೆ ನೋವು ಏರುತ್ತದೆ? 40 ನಿಮಿಷ ಅಂದುಕೊಳ್ಳಿ. ಹಾಗಿದ್ದರೆ ನಾಲ್ಕನೇ ದಿನದಿಂದ 30ಕ್ಕೇ ಎದ್ದುಬಿಡಿ. ನೋವು ಎಬ್ಬಿಸುವವರೆಗೆ ಕಾಯಬೇಡಿ, ಎಳೆ ಅರ್ಧಕ್ಕಿದ್ದರೂ ಪರವಾಗಿಲ್ಲ. ಓಣಿಯ ತುದಿಯ ತನಕ ನಡೆದು ಬಂದು ಮತ್ತೆ ಕೂರಿ. ಒಂದು ವಾರ ಹೀಗೆ ಸಾಗಿದರೆ ಎರಡು ನಿಮಿಷ ಹೆಚ್ಚಿಸಿ, ಮುಂದಿನ ವಾರ ಮತ್ತೆರಡು. ಚೆನ್ನಾಗಿದೆ ಅನಿಸಿದ ದಿನವೂ ಅಷ್ಟೇ ಹೊತ್ತು. ‘ಇವತ್ತು ಆರಾಮ ಅದ, ಸೆರಗು ಮುಗಿಸೇ ಏಳ್ತೀನಿ’ ಎಂದು ಕೂತು ಮೂರು ದಿನ ಮಲಗುವುದು ಎಲ್ಲರೂ ಮಾಡುವ ತಪ್ಪು. ಬೆನ್ನ ಹಿಂದೆ ಒತ್ತಿಗೆ ಇಟ್ಟುಕೊಳ್ಳಬಹುದು. ನಡುಪಟ್ಟಿ ಇಡೀ ದಿನ ಕಟ್ಟಿಕೊಳ್ಳುವುದು ಬೇಡ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಸ್ಕ್ಯಾನಿನ ಕವರಿನ ಜೊತೆ ಒಂದು ಹಾಳೆಯನ್ನೂ ಒಯ್ಯಿರಿ. ಎಷ್ಟು ನಿಮಿಷ ಕೂತಿರಿ, ಎಷ್ಟು ನಡೆದಿರಿ, ಎಷ್ಟು ಗಂಟೆ ಮಲಗಿದಿರಿ, ಯಾವ ಗುಳಿಗೆ ನುಂಗಿದಿರಿ ಎಂದು ದಿನಕ್ಕೊಂದು ಸಾಲು ಬರೆದ ಹಾಳೆ. ಬರೆಯಲು ಮಕ್ಕಳಿಗೆ ಹೇಳಿ. ಒಂದು ತಿಂಗಳ ಹಾಳೆ ತುಂಬಿದ ಮೇಲೆ ನನಗೂ ಮತ್ತೊಂದು ಪತ್ರ ಹಾಕಿ.